ಕರಿಗೊರಳನಿಗೆ ಇನ್ನೊಂದು ವರ್ಷ

ಬೀರುವಿನ ಮೇಲಿದ್ದ ಟೋಪಿಯ ಡಬ್ಬಿಗೆ ಬುರ್ಗಿಯ ಬೆರಳ ತುದಿ ತಾಗಿತು. ಹಿಡಿತಕ್ಕೆ ಮಾತ್ರ ಸಿಗಲಿಲ್ಲ. ನಿಂತ ಸ್ಟೂಲು ಕುಂಟುತ್ತಿತ್ತು. ಅದರ ಕಾಲಿಗೊಂದು ಮೊಳೆ ಹೊಡೆ ಎಂದು ಗಂಡನಿಗೆ ಹೇಳತೊಡಗಿ ಹನ್ನೊಂದು ವರ್ಷವಾಗಿತ್ತು. ಈಗ ಆಂಬ್ರೋಸ್ ಕೆಳಗಿನ ಕೋಣೆಯಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದ. ಸ್ಟೂಲು ಇನ್ನೂ ಕುಂಟುತ್ತಲೇ ಇತ್ತು.

"ಅಮ್ಮಾ, ಟೋಪಿ ಸಿಕ್ತಾ? ಹತ್ತು ಗಂಟೆಗೆ ಮುಚ್ಚಳ ಹಾಕ್ತಾರಂತೆ!" ಕೆಳಗಿನಿಂದ ಮಗಳು ಅಫ್ರಾ ಕೂಗಿದಳು.

"ಸಿಕ್ಕಿದ್ರೆ ಹಾರ್ಕೊಂಡು ಬರ್ತೀನಿ, ಸುಮ್ನಿರು!"

ಬುರ್ಗಿ ಇನ್ನೊಮ್ಮೆ ತುದಿಗಾಲಲ್ಲಿ ನಿಂತು ಡಬ್ಬಿಯನ್ನು ಎಳೆದಳು. ಡಬ್ಬಿ ಬಂತು, ಮುಚ್ಚಳ ಬಂತು, ಹಸಿರು ಟೋಪಿ ಉರುಳುತ್ತ ಮಂಚದಡಿಗೆ ಹೋಯಿತು. ಅದರ ಹಿಂದೆ ಬಟ್ಟೆಯ ಗಂಟೊಂದು ಧಪ್ಪನೆ ನೆಲಕ್ಕೆ ಬಿತ್ತು. ನೀಲಿ ಚೌಕುಳಿಯ ಅಡುಗೆಮನೆ ಟವಲು. ಮಾರ್ಚ್ ತಿಂಗಳಿಂದ ಅವಳು ಹುಡುಕುತ್ತಿದ್ದ ಟವಲು.

ಗಂಟು ಬಿಚ್ಚಿದಳು. ಒಳಗೆ ಸಾರಂಗದ ಕೆಳದವಡೆಯ ಎರಡು ಹೋಳುಗಳಿದ್ದವು. ಹಲ್ಲುಗಳು ಬುಡದ ತನಕ ಸವೆದು, ಹಳೆಯ ಚಮಚದ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ನಲವತ್ತಾರು ವರ್ಷ ಬೇಟೆಕಾಡಿನ ಕಾವಲುಗಾರನ ಜೊತೆ ಬಾಳಿದವಳಿಗೆ ಹಲ್ಲು ನೋಡಿ ವಯಸ್ಸು ಹೇಳುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಇದು ಮುದಿ ಪ್ರಾಣಿ, ತೀರಾ ಮುದಿ. ಮೂಳೆಯ ಮೇಲೆ ಆಂಬ್ರೋಸನ ಒತ್ತೊತ್ತಾದ ಪೆನ್ಸಿಲ್ ಅಕ್ಷರ: *ಕರಿಗೊರಳ. ಕಲ್ಲುಬಟ್ಟಲಿನಲ್ಲಿ ಸಿಕ್ಕಿದ್ದು. ಮುಪ್ಪಿನ ಸಾವು. ಮಾರ್ಚ್ ೧೧.*

ಎರಡು ಹೋಳುಗಳ ನಡುವೆ ಒಣಗಿ ಕಂದಾಗಿದ್ದ ಪೈನ್ ಮರದ ಕುಡಿಯೊಂದಿತ್ತು. ಐದೈದು ಎಲೆ ಒಟ್ಟಿಗೆ ಇರುವ ಪೈನು, ಬೆಟ್ಟದ ಮೇಲಿನ ಕಲ್ಲುಬಟ್ಟಲಿನ ಎತ್ತರದಲ್ಲಲ್ಲದೆ ಬೇರೆಲ್ಲೂ ಬೆಳೆಯದ್ದು. ಗುಂಡು ತಗಲಿ ಬಿದ್ದ ಪ್ರಾಣಿಯ ಬಾಯಿಗೆ ಹಸಿರು ಕುಡಿಯಿಟ್ಟು, ಟೋಪಿ ತೆಗೆದು ಒಂದು ಗಳಿಗೆ ನಿಲ್ಲದೆ ಆಂಬ್ರೋಸ್ ಎಂದೂ ಚಾಕು ಹೊರತೆಗೆದವನಲ್ಲ. ಕಡೆಯ ತುತ್ತು ಅದು. ಆದರೆ ಈ ಸಾರಂಗವನ್ನು ಯಾರೂ ಬೀಳಿಸಿರಲಿಲ್ಲ. ತಾನಾಗಿ ಸತ್ತದ್ದಕ್ಕೂ ಅವನು ತುತ್ತು ಕೊಟ್ಟು ಬಂದಿದ್ದ.

ಬುರ್ಗಿ ಮಂಚದ ಮೇಲೆ ಕುಳಿತಳು. ಮಾರ್ಚ್ ಹನ್ನೊಂದಕ್ಕೆ ಸತ್ತು ಸಿಕ್ಕ ಸಾರಂಗ. ಏಪ್ರಿಲ್ ತಿಂಗಳ ಸಾರಂಗಗಳ ಎಣಿಕೆಯ ಸಭೆಯಲ್ಲಿ, ಊರ ಬೇಟೆಗಾರರ ಮುಂದೆ, ಕರಿಗೊರಳ ಬದುಕಿದ್ದಾನೆ ಎಂದು ಕೈ ಎತ್ತಿ ಹೇಳಿದವನು ಇದೇ ಆಂಬ್ರೋಸ್.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಬುರ್ಗಿ ಗಂಟನ್ನು ಏಪ್ರನ್ನಿನ ದೊಡ್ಡ ಜೇಬಿಗೆ ತುರುಕಿದಳು. ಬೇಟೆಗಾರರ ಸಂಘದ ಅಧ್ಯಕ್ಷ ಸೆವೆರಿನ್ ಬಾಗಿಲಲ್ಲಿ ತಲೆ ಹಾಕಿದ. ಅವನ ಕಾಲ ನಡುವಿನಿಂದ ನುಸುಳಿ ಬಂದ ಆಂಬ್ರೋಸನ ನಾಯಿ ಫ್ಲೋರಾ ನೇರ ಬುರ್ಗಿಯ ಜೇಬಿಗೆ ಮೂತಿ ಹಚ್ಚಿ ನಿಂತಿತು.

"ಪಾಪ, ನಾಯಿಗೂ ಗೊತ್ತಾಗಿದೆ ನೋಡು," ಸೆವೆರಿನ್ ಟೋಪಿ ತೆಗೆದ. "ಬುರ್ಗಿ, ನೀನು ದುಃಖದಲ್ಲಿದೀಯ. ಈಗ ಕೇಳಬಾರ್ದು."

"ಹಂಗಾದ್ರೆ ಕೇಳ್ಬೇಡ."

"ಆದ್ರೂ... ಕರಿಗೊರಳ ಎಲ್ಲಿ ನಿಂತಿದಾನೆ ಅಂತ ಆಂಬ್ರೋಸ್ ಏನಾದ್ರೂ ಹೇಳಿದ್ನಾ?"

ಮಂಗಳವಾರ ಸೌದೆ ರಾಶಿಯ ಪಕ್ಕದಲ್ಲಿ ಆಂಬ್ರೋಸ್ ಕುಸಿದು ಬಿದ್ದಂದಿನಿಂದ ಈ ಪ್ರಶ್ನೆ ಕೇಳಿದವರಲ್ಲಿ ಸೆವೆರಿನ್ ಆರನೆಯವನು. ಮೊದಲನೆಯವರು ಡಾಕ್ಟರು, ನಾಡಿ ನೋಡಿ, ಕೈ ಬಿಟ್ಟು, ಕನ್ನಡಕ ಒರೆಸಿಕೊಂಡು ಕೇಳಿದ್ದರು.

"ನನ್ನ ಗಂಡ ಇನ್ನೂ ಮಣ್ಣಿಗೆ ಹೋಗಿಲ್ಲ, ಸೆವೆರಿನ್."

"ಅದಕ್ಕೇ ಮೆಲ್ಲಗೆ ಕೇಳ್ತಿದೀನಿ. ನಮ್ಮ ಕಟ್ಟಳೆ ನಿಂಗೊತ್ತಲ್ಲ. ಎಣಿಕೇಲಿ ಕಾವಲುಗಾರ ಹೆಸರು ಹೇಳಿದ ಸಾರಂಗ ಬೀಳೋತನಕ ಇನ್ನೊಂದು ದೊಡ್ಡದಕ್ಕೆ ಗುಂಡಿಲ್ಲ. ವರ್ಷಕ್ಕೆ ಒಂದೇ ಒಂದು ಅನುಮತಿ ನಮಗೆ. ಈ ಸಲ ಶರತ್ಕಾಲದಲ್ಲಿ ಅವನನ್ನ ಕಂಡೋರೇ ಇಲ್ಲ. ಇದ್ರೆ ಇದಾನೆ ಅನ್ನು, ಇಲ್ದಿದ್ರೆ ಇಲ್ಲ ಅನ್ನು. ಇಲ್ಲ ಅಂದ್ರೆ ಅನುಮತಿ ಬೇರೇದಕ್ಕೆ ತಿರುಗುತ್ತೆ. ಆಂಬ್ರೋಸ್ ನಿನ್ನ ಹತ್ರ ಹೇಳ್ದೇ ಇರ್ತಾನಾ? ನಿನ್ನ ಬಾಯಿಂದ ಒಂದು ಮಾತು ಬಂದ್ರೆ ಸಾಕು, ನಾವೆಲ್ಲಾ ಒಪ್ಕೋತೀವಿ."

"ಮಂಚದ ಕೆಳಗೆ ಟೋಪಿ ಇದೆ. ಬಗ್ಗಿ ತೆಗ್ದುಕೊಡು. ಅಷ್ಟು ಮಾಡು."

ಅರವತ್ಮೂರು ವರ್ಷದ ಅಧ್ಯಕ್ಷ ಮಂಡಿ ಹಿಡಿದುಕೊಂಡು ನರಳುತ್ತ ಮಂಚದಡಿಗೆ ಬಗ್ಗಿದ.

*

ಟಿರೋಲಿನ ಆ ಕಣಿವೆಯಲ್ಲಿ ವಸಂತ ಬಂದರೆ ಹೋಟೆಲಿನ ದೊಡ್ಡ ಕೋಣೆಯ ಗೋಡೆ ತುಂಬ ಕೊಂಬುಗಳು ಏರುತ್ತಿದ್ದವು. ಹಿಂದಿನ ವರ್ಷ ಯಾರು ಏನು ಹೊಡೆದರೂ ಕೊಂಬು ಅಲ್ಲಿಗೆ ಬರಬೇಕು, ಪಕ್ಕದಲ್ಲಿ ಅದರ ಕೆಳದವಡೆ ತೂಗಬೇಕು. ಹೊಡೆದದ್ದು ಸರಿಯಾದ ವಯಸ್ಸಿನದಾದರೆ ಹಲಗೆಗೆ ಹಸಿರು ಚುಕ್ಕೆ. ಇನ್ನೂ ಬೆಳೆಯಬೇಕಾಗಿದ್ದ ಎಳೆಯದಾದರೆ ಕೆಂಪು ಚುಕ್ಕೆ. ಆ ಚುಕ್ಕೆಯನ್ನು ಊರೆಲ್ಲ, ಊರ ಹೆಂಗಸರೆಲ್ಲ, ಬಿಯರ್ ಹೀರುತ್ತ ನೋಡುತ್ತಿದ್ದರು.

ಆಂಬ್ರೋಸನಿಗೆ ಮುಖ ನೋಡಿ ಚುಕ್ಕೆ ಅಂಟಿಸುವುದು ಗೊತ್ತಿರಲಿಲ್ಲ. ಹಲ್ಲು ನೋಡುತ್ತಿದ್ದ, ಅಂಟಿಸುತ್ತಿದ್ದ. ಸ್ವಂತ ಮಾವನಿಗೆ ಅಂಟಿಸಿದ. ಚರ್ಚಿನ ಪಾದ್ರಿಗೆ ಅಂಟಿಸಿದ. ಇಪ್ಪತ್ತು ವರ್ಷದ ಹಿಂದೆ ಸೆವೆರಿನ್ ಮಂಜಿನಲ್ಲಿ ಹತ್ತು ವರ್ಷದ್ದೆಂದು ಹೊಡೆದ ಸಾರಂಗ ಐದು ವರ್ಷದ್ದೆಂದು ಹಲ್ಲು ಹೇಳಿತು. ಎಲ್ಲರೆದುರು ಸೆವೆರಿನ್ ಕೈ ಹಿಡಿದು ಬೇಡಿಕೊಂಡ. ಆಂಬ್ರೋಸ್ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಕೆಂಪು ಚುಕ್ಕೆ ಅಂಟಿಸಿದ.

ಅಂಟಿಸಿದವನು ಕಾಡಿಗೆ ಹೋದ. ಊರಲ್ಲಿ ಉಳಿದವಳು ಬುರ್ಗಿ. ಮೂರು ವರ್ಷ ಸೆವೆರಿನ್‌ನ ಹೆಂಡತಿ ಚರ್ಚಿನಲ್ಲಿ ಅವಳ ಪಕ್ಕ ಕೂರಲಿಲ್ಲ. ಬೇಕರಿಯಲ್ಲಿ ಅವಳ ಸರದಿ ಬಂದಾಗ ಬನ್ನು ಮುಗಿದಿರುತ್ತಿತ್ತು. "ಒಂದು ಹಸಿರು ಚುಕ್ಕೆ ಅಂಟ್ಸಿದ್ರೆ ನಿನ್ನ ಗಂಟು ಏನು ಹೋಗ್ತಿತ್ತು?" ಎಂದು ಅವಳು ಕೂಗಾಡಿದ್ದಳು.

"ಹಲ್ಲು ಹೇಳಿದ್ದು ಐದು," ಎಂದಿದ್ದ ಆಂಬ್ರೋಸ್. ಸೂಪಿಗೆ ಉಪ್ಪು ಹಾಕಿಕೊಂಡಿದ್ದ.

ಸಾರಂಗಗಳು ಕೂಗಾಡುವ ಬೆದೆಯ ಕಾಲ ಬಂದರೆ ಮನೆಯಲ್ಲಿ ಗಂಡಸೇ ಇರುತ್ತಿರಲಿಲ್ಲ. ಅಫ್ರಾ ಹುಟ್ಟಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅವಳಪ್ಪ ಅವಳ ಮುಖ ನೋಡಿದ್ದು ಅಕ್ಟೋಬರಿನಲ್ಲಿ. ಮಗು ಅಪ್ಪನೆಲ್ಲಿ ಎಂದು ಅಳುವಾಗ ಬುರ್ಗಿ ಒಲೆಯ ಪಕ್ಕ ಕೂತು ಕತೆ ಹೇಳುತ್ತಿದ್ದಳು: ಒಂದೂರಲ್ಲಿ ಒಬ್ಬ ಅಪ್ಪ ಇದ್ದನಂತೆ. ಸಾರಂಗ ಎಣಿಸೋಕೆ ಬೆಟ್ಟ ಹತ್ತಿದನಂತೆ. ಒಂದು ಎಣಿಸಿದನಂತೆ, ಎರಡು ಎಣಿಸಿದನಂತೆ. ಎಣಿಸಿ ಮುಗಿಸಿ ಇಳಿದು ಬರೋಷ್ಟರಲ್ಲಿ ಮಗಳಿಗೆ ಗಡ್ಡ ಬಂದಿತ್ತಂತೆ. ಮಗು ಗಲ್ಲ ಮುಟ್ಟಿ ನೋಡಿಕೊಂಡು ನಗುತ್ತಿತ್ತು. ಬುರ್ಗಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಕರಿಗೊರಳ ಬಂದ ಮೇಲಂತೂ ಮುಗಿದೇ ಹೋಯಿತು. ಕತ್ತಿನ ಕೂದಲು ಕಪ್ಪಗೆ, ಮಸಿ ಮೆತ್ತಿದ ಹಾಗೆ. ಕೊಂಬಿಗೆ ಹದಿನಾರು ಕವಲು. ಮಾಗಿದ್ದಾನೆ, ಹೊಡೆಯಬಹುದು ಎಂದು ಊರೇ ಒಪ್ಪಿತು. ಸರದಿ ಆಂಬ್ರೋಸನದೇ, ಅಷ್ಟು ವರ್ಷ ಬಡಕಲು ಪ್ರಾಣಿಗಳನ್ನಷ್ಟೇ ಹೊಡೆದವನಿಗೆ ಸಂಘ ಪ್ರೀತಿಯಿಂದ ಬಿಟ್ಟುಕೊಟ್ಟ ಸಾರಂಗ. ಮೊದಲ ವರ್ಷ ಎಣಿಕೆಯ ಸಭೆಯಲ್ಲಿ ಆಂಬ್ರೋಸ್ ಎದ್ದು ನಿಂತು, "ಇದಾನೆ. ಆದ್ರೆ ಇನ್ನೊಂದು ವರ್ಷ ಬೇಕು," ಎಂದ. ಎರಡನೆಯ ವರ್ಷವೂ ಅದನ್ನೇ ಅಂದ. ಮೂರನೆಯ ವರ್ಷ ಅವನು ಬಾಯಿ ತೆರೆಯುವ ಮೊದಲೇ ಕೋಣೆಯ ಗಂಡಸರೆಲ್ಲ ಒಟ್ಟಿಗೆ ಉಸ್ಸೆಂದರು. ಆ ಉಸ್ಸು ಹೊರಗೆ ಬೀದಿಯಲ್ಲಿದ್ದ ಬುರ್ಗಿಗೂ ಕೇಳಿಸಿತ್ತು.

*

ಒಂಬತ್ತೂವರೆಗೆ ಅಡುಗೆಮನೆ ಹಸಿರು ಕೋಟುಗಳಿಂದ ತುಂಬಿತ್ತು. ಫಾದರ್ ಬಂದರು. ಬುರ್ಗಿಯ ಎರಡೂ ಕೈ ಹಿಡಿದು, ದೇವರ ಚಿತ್ತ ಎಂದರು, ಆಂಬ್ರೋಸ್ ನೇರ ಮನುಷ್ಯ ಎಂದರು. ಕೈ ಬಿಡದೆಯೇ ದನಿ ತಗ್ಗಿಸಿದರು. "ಕಲ್ಲುಬಟ್ಟಲಲ್ಲೇ ಇದಾನಾ, ಇಲ್ಲಾ ಆ ಕಡೆ ಇಳಿಜಾರಿಗೆ ದಾಟಿದಾನಾ?"

"ಯಾರು ಫಾದರ್? ಆಂಬ್ರೋಸಾ? ಅದು ನಿಮಗೇ ಗೊತ್ತಿರ್ಬೇಕು."

ಫಾದರ್ ಕೆಮ್ಮಿ ಕಾಫಿಯ ಕಡೆಗೆ ತಿರುಗಿದರು.

ಬುರ್ಗಿ ಉಗ್ರಾಣಕ್ಕೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಬ್ರೆಡ್ಡು ಕೊಯ್ಯತೊಡಗಿದಳು. ಫ್ಲೋರಾ ಜೇಬು ಬಿಡದೆ ಹಿಂದೆಯೇ ಬಂದಿತ್ತು. ಬಾಗಿಲಿನಾಚೆ ಸೆವೆರಿನ್‌ನ ದನಿ, ಅವನ ಜೊತೆ ಅವಳ ಅಣ್ಣನ ಮಗ ಕಿಲಿಯಾನನ ದನಿ. ಕಿಲಿಯಾನ್ ಇವತ್ತು ಗೋರಿಯ ಹತ್ತಿರ ಕಹಳೆ ಊದುವವನು.

"ಲಾರ್ಚ್ ಮರದ ಕಾಡಲ್ಲೊಂದು ಸಾರಂಗ ಕೂಗ್ತಿದೆಯಲ್ಲ, ಕೇಳ್ದೆಯಾ?" ಸೆವೆರಿನ್ ಹೇಳುತ್ತಿದ್ದ. "ಕೊಂಬು ನೋಡಿದ್ರೆ ಕಿರೀಟ ಇಟ್ಟಂಗಿದೆ."

"ಅದು ಎಳೇದು ಕಣಯ್ಯ. ಆರು ವರ್ಷ ಆಗಿದ್ರೆ ಹೆಚ್ಚು. ಕರಿಗೊರಳನ ಮಗ ಅಂತಿದ್ದ ಆಂಬ್ರೋಸ್ ಮಾವ."

"ಮಂಜಲ್ಲಿ ಆರೂ ಒಂದೇ, ಹನ್ನೆರಡೂ ಒಂದೇ. ಬುರ್ಗಿ ಇವತ್ತು ಕರಿಗೊರಳ ಇಲ್ಲ ಅಂದ್ಬಿಟ್ರೆ ಭಾನುವಾರ ಮೇಲೆ ಹೋಗೋಣ."

"ವಸಂತಕ್ಕೆ ಕೆಂಪು ಚುಕ್ಕೆ ಬೀಳುತ್ತಲ್ಲ?"

"ಚುಕ್ಕೆ ಅಂಟಿಸೋನು ಪಕ್ಕದ ಕೋಣೇಲಿ ಮಲಗಿದಾನಪ್ಪ."

ಕಪ್ಪು ತಟ್ಟೆಗೆ ತಾಗಿದ ಸದ್ದು. ಆಮೇಲೆ ಸೆವೆರಿನ್‌ನ ದನಿ ಬೇರೆಯೇ ಆಗಿ ಬಂತು. "ನಂಗೂ ಮಂಡಿ ಹೋಗ್ತಿದೆ ಕಿಲಿಯಾನ್. ಇಪ್ಪತ್ತು ವರ್ಷದಿಂದ ಗೋಡೆ ಮೇಲೆ ಒಂದೇ ಒಂದು ಕೊಂಬಿದೆ, ಅದಕ್ಕೂ ಕೆಂಪು ಚುಕ್ಕೆ. ಇನ್ನೊಂದು ವರ್ಷ, ಇನ್ನೊಂದು ವರ್ಷ ಅಂತ ಅವನು ಹೋಗೇಬಿಟ್ಟ. ನಾನೆಷ್ಟು ಕಾಯ್ಲಿ, ಹೇಳು?"

ಬುರ್ಗಿಯ ಕೈಯಲ್ಲಿ ಚಾಕು ನಿಂತಿತು. ಇನ್ನೊಂದು ಕೈ ಜೇಬಿಗೆ ಹೋಯಿತು. ಈಗಲೇ ಹೋಗಿ ಇದನ್ನು ಕಾಫಿ ಕಪ್ಪುಗಳ ನಡುವೆ ಧಡ್ಡನೆ ಇಟ್ಟರೆ? ತಗೊಳ್ಳಿ, ನಿಮ್ಮ ಕರಿಗೊರಳ. ತಗೊಳ್ಳಿ, ನಿಮ್ಮ ನೇರ ಮನುಷ್ಯ. ನಲವತ್ತಾರು ವರ್ಷ ಕೊಂಬು, ಹಲ್ಲು, ಚುಕ್ಕೆ ಅಂತ ಕೇಳಿ ಕೇಳಿ ನನ್ನ ಕಿವಿ ಸವೆದಿದೆ, ಇನ್ನು ನನ್ನನ್ನ ಬಿಡಿ. ಒಂದು ಕ್ಷಣ ಸಾಕು. ಆಮೇಲೆ ಯಾರೂ ಅವಳನ್ನು ಏನೂ ಕೇಳುವುದಿಲ್ಲ.

ಆಮೇಲೆ ಯಾರೂ ಆಂಬ್ರೋಸನನ್ನು ನೇರ ಮನುಷ್ಯ ಅನ್ನುವುದೂ ಇಲ್ಲ. ಭಾನುವಾರ ಲಾರ್ಚ್ ಕಾಡಿನಲ್ಲಿ ಕೂಗೂ ಇರುವುದಿಲ್ಲ.

ಬಾಗಿಲನ್ನು ಕಾಲಿನಿಂದ ತಳ್ಳಿ ಹೊರಗೆ ಬಂದಳು. ಎಲ್ಲರೂ ತಲೆ ಎತ್ತಿದರು. ಬ್ರೆಡ್ಡಿನ ಬುಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ತಿನ್ನಿ. ಬಾಯಿಗೆ ಏನಾದ್ರೂ ಕೆಲಸ ಇರ್ಲಿ."

*

ಈ ವರ್ಷ ಮಾರ್ಚಿನಲ್ಲಿ, ಹಿಮ ಇನ್ನೂ ಮೆತ್ತಗೆ ಜಾರುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಆಂಬ್ರೋಸ್ ಬೆಟ್ಟದಿಂದ ಇಳಿದು ಬಂದ. ಬೂಟು ಬಿಚ್ಚದೆ ಅಡುಗೆಮನೆಯ ಬೆಂಚಿನ ಮೇಲೆ ಕೂತ. ಹೊಸದಾಗಿ ಒರೆಸಿದ ನೆಲದ ಮೇಲೆ ನೀರು ಹರಿದು ಒಲೆಯ ತನಕ ಹೋಯಿತು.

"ಬೂಟು!" ಎಂದಳು ಬುರ್ಗಿ.

ಬೂಟು ಬಿಚ್ಚಲಿಲ್ಲ. ಬೆನ್ನಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದ.

"ಸೂಪು ಆರ್ತಿದೆ. ಏನು, ಕರಿಗೊರಳ ಕಂಡ್ನಾ?"

"ಕಂಡೆ."

"ಹೆಂಗಿದಾನೆ?"

ಆಂಬ್ರೋಸ್ ಕಿಟಕಿಯ ಕಡೆ ನೋಡಿದ. ಅವನ ಮೀಸೆಯ ಮಂಜು ಕರಗಿ ತೊಟ್ಟಿಕ್ಕುತ್ತಿತ್ತು. "ಚೆನ್ನಾಗಿದಾನೆ," ಎಂದ. ಬೆನ್ನಚೀಲವನ್ನು ಇನ್ನಷ್ಟು ಒತ್ತಿ ಹಿಡಿದು, "ಇನ್ನೊಂದು ವರ್ಷ ಬೇಕು," ಎಂದ.

"ನಿಂಗೂ ನಿನ್ನ ಕರಿಗೊರಳನಿಗೂ ಹುಚ್ಚು! ಅವನು ಮುದುಕನಾಗಿ ಸಾಯ್ತಾನೆ, ನೀನು ಮುದುಕನಾಗಿ ಸಾಯ್ತೀಯ, ನಾನು ನೆಲ ಒರೆಸ್ತಾ ಸಾಯ್ತೀನಿ."

ಅವನು ಅವಳನ್ನೇ ನೋಡಿದ. ಏನೋ ಹೇಳುವವನ ಹಾಗೆ ಬಾಯಿ ತೆರೆದ. ಅವಳು ಆಗಲೇ ಬಕೆಟ್ಟು ತರಲು ತಿರುಗಿದ್ದಳು. ಮತ್ತೆ ಬಂದಾಗ ಬೆಂಚು ಖಾಲಿ ಇತ್ತು, ಸೂಪು ಹಾಗೇ ಇತ್ತು, ಒಲೆಯ ಕಂಬಿಯ ಮೇಲೆ ಒಣಹಾಕಿದ್ದ ನೀಲಿ ಚೌಕುಳಿಯ ಟವಲು ಇರಲಿಲ್ಲ. ಮರುದಿನ ಪಕ್ಕದ ಮನೆಯವಳು ಬಂದು ಹೋದ ನೆನಪಾಗಿ ಬುರ್ಗಿ ಅವಳ ಮೇಲೆ ಅನುಮಾನಪಟ್ಟಳು.

*

ಹತ್ತಕ್ಕೆ ಹತ್ತು ನಿಮಿಷವಿತ್ತು. "ಎಲ್ಲಾ ಹೊರಗೆ ಹೋಗಿ, ಟೋಪಿ ಇಡ್ಬೇಕು," ಎಂದು ಬುರ್ಗಿ ಕೋಣೆಯ ಬಾಗಿಲು ಹಾಕಿಕೊಂಡಳು. ನಾಯಿ ಮಾತ್ರ ಒಳಗೆ ಉಳಿಯಿತು.

ಆಂಬ್ರೋಸ್ ಬೂದು ಕೋಟಿನಲ್ಲಿ, ಚೆನ್ನಾಗಿ ಕ್ಷೌರ ಮಾಡಿಸಿಕೊಂಡು, ಬದುಕಿದ್ದಾಗ ಎಂದೂ ಇರದಷ್ಟು ಅಚ್ಚುಕಟ್ಟಾಗಿ ಮಲಗಿದ್ದ.

"ಮಾರ್ಚಿಂದ ಆ ಟವಲ್ಲು ಹುಡುಕ್ತಿದೀನಿ," ಎಂದಳು ಬುರ್ಗಿ. "ಪಕ್ಕದ್ಮನೆಯವಳ ಹತ್ರ ಮಾತು ಬಿಟ್ಟಿದೀನಿ, ಗೊತ್ತಾ?"

ಟೋಪಿಯನ್ನು ಅವನ ಎದೆಯ ಮೇಲಿಟ್ಟಳು. ಸರಿಹೋಗಲಿಲ್ಲ. ಮತ್ತೆ ತೆಗೆದಳು.

"ಊರಿಗೆಲ್ಲಾ ಚುಕ್ಕೆ ಅಂಟಿಸ್ಕೊಂಡು ತಿರುಗ್ದೆ. ಕಡೆಗೆ ನೀನೇ ಸುಳ್ಳು ಹೇಳ್ದೆ. ಹೇಳು, ಬೇಡ ಅನ್ನಲ್ಲ; ಆ ಎಳೇದನ್ನ ಉಳಿಸೋಕೆ ಹೇಳ್ದೆ, ಅರ್ಥ ಆಗುತ್ತೆ. ಸತ್ತೋನು ಬದುಕಿದಾನೆ ಅಂದ್ರೆ ತಾನೇ ಬದುಕಿರೋನು ಬೆಳಿಯೋದು. ಆದ್ರೆ ನಂಗ್ಯಾಕೆ ಹೇಳ್ಲಿಲ್ಲ? ನಾನೇನು ಸೆವೆರಿನ್ನಾ?" ಅವಳ ದನಿ ಏರಿತು, ಹೊರಗೆ ಕೇಳೀತೆಂದು ತಗ್ಗಿಸಿದಳು. "ಈಗ ನಾನು ಹೇಳ್ಬೇಕು. ಸ್ಟೂಲಿಗೊಂದು ಮೊಳೆ ಹೊಡೀಲಿಲ್ಲ, ಇದನ್ನ ಮಾತ್ರ ನನ್ನ ತಲೆಗೆ ಕಟ್ಟಿ ಹೋದೆ."

ಆಂಬ್ರೋಸ್ ಏನೂ ಹೇಳಲಿಲ್ಲ. ಅದೇನೂ ಹೊಸದಲ್ಲ.

ಬುರ್ಗಿ ಜೇಬಿನಿಂದ ಗಂಟು ತೆಗೆದಳು. ಒಣ ಕುಡಿಯನ್ನು ಮೆಲ್ಲಗೆ ಬಿಡಿಸಿ, ಮುರಿಯದಂತೆ ಜೇಬಿಗೆ ಹಾಕಿಕೊಂಡಳು. ದವಡೆಯನ್ನು ಮತ್ತೆ ಟವಲಿನಲ್ಲಿ ಸುತ್ತಿ ಅವನ ಕೋಟಿನೊಳಗೆ, ಎಡಗಡೆ ಸೇರಿಸಿ ಗುಂಡಿ ಹಾಕಿದಳು. ಎದೆ ಒಂದಿಷ್ಟು ಉಬ್ಬಿತು. ಅದರ ಮೇಲೆ ಟೋಪಿಯಿಟ್ಟಳು. ಈಗ ಸರಿಹೋಯಿತು.

ಹೊರಡುವವಳು ನಿಂತು, ಕಾಲ ಬಳಿಯಿದ್ದ ಹೂಚಕ್ರದಿಂದ ಬಟಾಣಿಯಷ್ಟು ಸಣ್ಣ ಕೆಂಪು ಕಾಡುಹಣ್ಣೊಂದನ್ನು ಕಿತ್ತು, ಅವನ ಕೋಟಿನ ಕಾಜಾದೊಳಗೆ ಸಿಕ್ಕಿಸಿದಳು.

ಅಫ್ರಾ ಇಣುಕಿದಳು. "ಅದೇನಮ್ಮಾ, ಕೆಂಪಗೆ?"

"ಅವನಿಗೆ ಸಲ್ಬೇಕಾದ್ದು," ಎಂದಳು ಬುರ್ಗಿ. "ಮುಚ್ಚಳ ಹಾಕೋರನ್ನ ಕರಿ."

*

ಗೋರಿಯ ಸುತ್ತ ಹನ್ನೊಂದು ಮಂದಿ ಬೇಟೆಗಾರರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಫ್ಲೋರಾ ಬುರ್ಗಿಯನ್ನು ಬಿಟ್ಟು ಪೆಟ್ಟಿಗೆಯ ಹಿಂದೆಯೇ ಬಂದು, ಗುಂಡಿಯ ಅಂಚಿಗೆ ಮೂತಿ ಚಾಚಿ ಮಲಗಿತ್ತು. ಕಿಲಿಯಾನ್ ಕಹಳೆ ಊದಿ ಮುಗಿಸಿದ. ಬೇಟೆ ಮುಗಿಯಿತು ಎಂದು ಹೇಳುವ ರಾಗ ಅದು. ರಾಗದ ಕೊನೆಯ ಎಳೆ ಬೆಟ್ಟಕ್ಕೆ ತಾಗಿ ಬರುವಷ್ಟರಲ್ಲಿ ಲಾರ್ಚ್ ಕಾಡಿನ ಕಡೆಯಿಂದ ಸಾರಂಗವೊಂದು ಕೂಗಿತು.

ಹನ್ನೊಂದು ತಲೆಗಳೂ ಒಟ್ಟಿಗೆ ಆ ಕಡೆ ವಾಲಿದವು. ಫಾದರ್ ಪ್ರಾರ್ಥನೆಯ ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಕಿವಿಗೊಟ್ಟರು. ಅಫ್ರಾ ಮಾತ್ರ ಅಳುತ್ತಿದ್ದಳು.

"ಸಣ್ಣ ಗಂಟಲು," ಎಂದು ಯಾರೋ ಪಿಸುಗುಟ್ಟಿದರು.

"ಎಳೇದು," ಎಂದ ಕಿಲಿಯಾನ್.

ಸೆವೆರಿನ್ ಬುರ್ಗಿಯ ಭುಜದ ಬಳಿ ಬಗ್ಗಿದ. "ಕೇಳ್ದೆಯಲ್ಲ? ಮುದುಕ ಇದ್ದಿದ್ರೆ ಈ ಎಳೇದಕ್ಕೆ ಇಷ್ಟು ಧೈರ್ಯ ಬರ್ತಿತ್ತಾ? ಒಂದು ಮಾತು ಹೇಳ್ಬಿಡು ಬುರ್ಗಿ. ಎಲ್ಲಾ ಇಲ್ಲೇ ಇದಾರೆ. ಆಂಬ್ರೋಸ್ ಏನಂದಿದ್ದ?"

ಈಗ ಎಲ್ಲ ಕಿವಿಗಳೂ ಬೆಟ್ಟದಿಂದ ಅವಳ ಕಡೆಗೆ ತಿರುಗಿದವು. ಬುರ್ಗಿ ಗುಂಡಿಯೊಳಗೆ ನೋಡಿದಳು. ತಿಳಿಬಣ್ಣದ ಮುಚ್ಚಳ. ಆ ಮುಚ್ಚಳದ ಕೆಳಗೆ ಎಡಗಡೆ ಉಬ್ಬಿದ ಕೋಟು.

"ಕರಿಗೊರಳ ಕಲ್ಲುಬಟ್ಟಲಲ್ಲಿದಾನೆ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಆಂಬ್ರೋಸ್ ತಾನೇ ಕಣ್ಣಾರೆ ಕಂಡು ಬಂದಿದ್ದ."

"ಹೆಂಗಿದಾನಂತೆ?" ಎಂದರು ಫಾದರ್.

"ಇನ್ನೊಂದು ವರ್ಷ ಬೇಕಂತೆ."

ಹನ್ನೊಂದು ಗಂಡಸರಿಂದ ಒಟ್ಟಿಗೆ ಒಂದು ಉಸ್ಸು ಹೊರಟಿತು. ಯಾರೋ ತಡೆಯಲಾರದೆ, "ಅಯ್ಯೋ ದೇವರೇ, ಸತ್ತ ಮೇಲೂ!" ಎಂದರು. ಫಾದರ್ ಅವಸರದಲ್ಲಿ ಪುಸ್ತಕ ತೆರೆದರು.

ಬೇಟೆಗಾರನ ಗೋರಿಗೂ ಕಡೆಯ ತುತ್ತಾಗಿ ಹಾಕುವ ಹಸಿರು ಕುಡಿಗಳನ್ನು ತುಂಬಿದ್ದ ಬಕೆಟ್ಟು ಮೊದಲು ಹೆಂಡತಿಯ ಮುಂದೆ ಬಂತು. ಬುರ್ಗಿ ಅದನ್ನು ಮುಟ್ಟಲಿಲ್ಲ. ಜೇಬಿಗೆ ಕೈ ಹಾಕಿ ತನ್ನದನ್ನು ತೆಗೆದು ಗುಂಡಿಗೆ ಹಾಕಿದಳು. ಅದು ಸದ್ದಿಲ್ಲದೆ ಬಿತ್ತು.

"ಬುರ್ಗಿ, ಅದು ಒಣಗಿದ್ದು," ಎಂದು ಸೆವೆರಿನ್ ಬೇಸರದಿಂದ ಪಿಸುಗುಟ್ಟಿದ. "ಬಕೆಟ್ಟಲ್ಲಿ ಹಸಿರಿದೆಯಲ್ಲ. ಇವತ್ತಾದ್ರೂ..."

ಮಾತು ಅಲ್ಲಿಗೇ ನಿಂತಿತು. ಅವನು ಬಗ್ಗಿ ನೋಡುತ್ತಿದ್ದ. ತಿಳಿಬಣ್ಣದ ಹಲಗೆಯ ಮೇಲೆ ಕಂದು ಕುಡಿ ಒಂದೇ ಒಂದು, ಐದೈದು ಎಲೆ. ಅವನು ತಲೆಯೆತ್ತಿ ಕಲ್ಲುಬಟ್ಟಲಿನ ಕಡೆ ನೋಡಿದ. ಗುಂಡಿಗೆ ಮೂತಿ ಚಾಚಿದ್ದ ನಾಯಿಯನ್ನು ನೋಡಿದ. ಕೊನೆಗೆ ಬುರ್ಗಿಯನ್ನು ನೋಡಿದ. ಬುರ್ಗಿಯೂ ಕಣ್ಣು ತೆಗೆಯದೆ ಅವನನ್ನೇ ನೋಡಿದಳು.

ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು. ಸೆವೆರಿನ್ ಮಂಡಿ ಹಿಡಿದುಕೊಂಡು, ನರಳುತ್ತ, ಗೋರಿಯ ಅಂಚಿನಲ್ಲಿ ಕುಕ್ಕುರು ಕೂತ. ಉಳಿದವರ ಹಾಗೆ ಕುಡಿಯನ್ನು ಎಸೆಯಲಿಲ್ಲ. ಕೈಯನ್ನು ಆದಷ್ಟು ಕೆಳಗೆ ಚಾಚಿ, ಗುರಿ ನೋಡಿ, ತನ್ನ ಹಸಿರು ಕುಡಿಯನ್ನು ಕಂದು ಕುಡಿಯ ಮೇಲೆ ಸರಿಯಾಗಿ ಬೀಳುವ ಹಾಗೆ ಬಿಟ್ಟ. ಒಣಗಿದ ತುದಿಯೊಂದು ಮಾತ್ರ ಆಚೆಗೆ ಚಾಚಿಕೊಂಡಿತ್ತು. ಅದರ ಮೇಲೆ ಕಿಲಿಯಾನನ ಕುಡಿ ಬಿತ್ತು.